ಪ್ರಶ್ನೆ ಮೊದಲು, ಪರೀಕ್ಷೆ ಆಮೇಲೆ

ಶಾಲೆಯ ವಿಜ್ಞಾನ ವಸ್ತುಪ್ರದರ್ಶನ ಹತ್ತಿರ ಬಂತೆಂದರೆ ಹಲವು ಮನೆಗಳಲ್ಲಿ ಕಾಣುವ ದೃಶ್ಯ ಇದು. ತಾರಸಿಯ ಮೇಲೆ ಎರಡು ಸಾಲು ಕುಂಡಗಳು, ಸಾಲಿಗೆ ಹತ್ತರಂತೆ ಒಟ್ಟು ಇಪ್ಪತ್ತು. ಒಂದು ಸಾಲಿನ ಹೆಸರುಕಾಳಿನ ಗಿಡಗಳಿಗೆ ಎರೆಗೊಬ್ಬರ, ಇನ್ನೊಂದಕ್ಕೆ ಬರೀ ಮಣ್ಣು. ಮನೆಯ ಮಗಳು ಇಪ್ಪತ್ತು ದಿನ ಬಿಡದೆ ಅಳತೆಪಟ್ಟಿ ಹಿಡಿದು ಪ್ರತಿ ಗಿಡದ ಎತ್ತರ ಬರೆದಿಟ್ಟಿದ್ದಾಳೆ. ಈಗ ನೋಟುಪುಸ್ತಕ ಹಿಡಿದು ಅಪ್ಪನ ಮುಂದೆ ನಿಂತು ಕೇಳುತ್ತಾಳೆ: 'ನಾನೂರು ಅಂಕಿ ಇವೆ. ಇದಕ್ಕೆ ಯಾವ ಟೆಸ್ಟ್ ಹಾಕಬೇಕು?'

ಅಪ್ಪನಿಗೆ ಗೊತ್ತಿಲ್ಲ. ಕಂಪ್ಯೂಟರಿಗೆ ಗೊತ್ತಿರುತ್ತದೆ ಎಂದು ಇಬ್ಬರೂ ಸಮಾಧಾನ ಮಾಡಿಕೊಳ್ಳುತ್ತಾರೆ. ಕಂಪ್ಯೂಟರು ಹತ್ತಾರು ಪರೀಕ್ಷೆಗಳ ಪಟ್ಟಿಯನ್ನೇನೋ ತೋರಿಸುತ್ತದೆ. ಯಾವುದನ್ನು ಒತ್ತಿದರೂ ಉತ್ತರ ಕೊಡುತ್ತದೆ. ತಪ್ಪು ಪರೀಕ್ಷೆ ಒತ್ತಿದರೂ ಅಷ್ಟೇ ಗಂಭೀರವಾಗಿ ಉತ್ತರ ಕೊಡುತ್ತದೆ. ತೊಂದರೆ ಇರುವುದೇ ಅಲ್ಲಿ.

ಈ ತೊಂದರೆ ಹೊಸದಲ್ಲ. 1938ರಲ್ಲಿ ಕಲ್ಕತ್ತೆಯಲ್ಲಿ ನಡೆದ ಮೊದಲ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಅಧ್ಯಕ್ಷರಾಗಿದ್ದ ಇಂಗ್ಲೆಂಡಿನ ರೊನಾಲ್ಡ್ ಫಿಷರ್ ಇದನ್ನೇ ಎತ್ತಿ ಹೇಳಿದರು. ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನ ಬಳಿಗೆ ಹೋಗುವುದು ಎಷ್ಟೋ ವೇಳೆ ಶವಪರೀಕ್ಷೆಗೆ ಕೇಳಿಕೊಂಡಂತೆ, ಪ್ರಯೋಗ ಯಾವುದರಿಂದ ಸತ್ತಿತು ಎಂದಷ್ಟೇ ಆತ ಹೇಳಬಲ್ಲ ಎಂಬುದು ಅವರ ಮಾತಿನ ಸಾರ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ನಮ್ಮ ಗಾದೆಯೂ ಹೇಳುವುದು ಇದನ್ನೇ.

ಅಷ್ಟಕ್ಕೂ ಸಂಖ್ಯಾಶಾಸ್ತ್ರದ ಪರೀಕ್ಷೆ ಮಾಡುವುದೇನು? ಫಿಷರ್ ಅವರೇ ಬಳಸಿದ ಚಹದ ಕಪ್ಪಿನ ಉದಾಹರಣೆಯಿಂದ ಇದು ಸುಲಭವಾಗಿ ತಿಳಿಯುತ್ತದೆ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಅವರ ಸಹೋದ್ಯೋಗಿಯಾಗಿದ್ದ ಮಹಿಳೆಯೊಬ್ಬರು, ಕಪ್ಪಿಗೆ ಮೊದಲು ಹಾಲು ಹಾಕಿದ್ದಾರೋ ಡಿಕಾಕ್ಷನ್ ಹಾಕಿದ್ದಾರೋ ರುಚಿಯಿಂದಲೇ ಹೇಳಬಲ್ಲೆ ಎಂದಿದ್ದರಂತೆ. 1935ರಲ್ಲಿ ಪ್ರಕಟವಾದ ಪ್ರಯೋಗ ವಿನ್ಯಾಸದ ಪುಸ್ತಕದಲ್ಲಿ ಫಿಷರ್ ಇದನ್ನು ಒಂದು ಪ್ರಯೋಗವಾಗಿಸಿದರು. ಎಂಟು ಕಪ್ಪು ಚಹ. ನಾಲ್ಕಕ್ಕೆ ಹಾಲು ಮೊದಲು, ನಾಲ್ಕಕ್ಕೆ ಆಮೇಲೆ. ಅವನ್ನು ಕಲಸಿ ಇಟ್ಟು, ಹಾಲು ಮೊದಲು ಹಾಕಿದ ನಾಲ್ಕನ್ನು ಆರಿಸಲು ಹೇಳಬೇಕು.

ಎಂಟರಲ್ಲಿ ನಾಲ್ಕನ್ನು ಆರಿಸಲು 70 ದಾರಿಗಳಿವೆ. ಪೂರಾ ಸರಿಯಾದ ದಾರಿ ಒಂದೇ. ರುಚಿ ಗೊತ್ತಿಲ್ಲದೆ ಕಣ್ಣು ಮುಚ್ಚಿ ಆರಿಸಿದವರಿಗೆ ನಾಲ್ಕೂ ಸರಿಯಾಗುವ ಸಂಭವ 70ರಲ್ಲಿ ಒಂದು. ಆದರೆ ನಾಲ್ಕರಲ್ಲಿ ಮೂರಾದರೂ ಸರಿಯಾಗುವ ಸಂಭವ 70ರಲ್ಲಿ 17, ಅಂದರೆ ಹೆಚ್ಚುಕಡಿಮೆ ಕಾಲು ಭಾಗ. ಹಾಗಾಗಿ ನಾಲ್ಕೂ ಸರಿಯಾದರೆ ಆಕೆಯ ಮಾತನ್ನು ನಂಬಲು ಕಾರಣವಿದೆ. ಮೂರು ಸರಿಯಾದರೆ ಅದೃಷ್ಟ ಎನ್ನಲೂಬಹುದು. ಎಲ್ಲ ಪರೀಕ್ಷೆಗಳ ಒಳಗುಟ್ಟು ಇಷ್ಟೇ. ಏನೂ ವ್ಯತ್ಯಾಸವಿಲ್ಲ ಎಂದು ಮೊದಲು ಅಂದುಕೊಳ್ಳುವುದು. ಹಾಗಿದ್ದರೂ ಇಂಥ ಫಲ, ಅಥವಾ ಇದಕ್ಕಿಂತ ಎದ್ದುಕಾಣುವ ಫಲ, ಬರೀ ಆಕಸ್ಮಿಕವಾಗಿ ಎಷ್ಟು ಸಲ ಬರಬಹುದು ಎಂದು ಲೆಕ್ಕ ಹಾಕುವುದು. ನೂರರಲ್ಲಿ ಐದಕ್ಕಿಂತ ಕಡಿಮೆ ಎಂದಾದರೆ ಆಕಸ್ಮಿಕವಲ್ಲ ಎಂದು ಭಾವಿಸುವುದು ರೂಢಿ. ಇದು ರೂಢಿಯೇ ಹೊರತು ಪ್ರಕೃತಿಯ ನಿಯಮವಲ್ಲ.

ಹಾಗಾದರೆ ಇಷ್ಟೊಂದು ಪರೀಕ್ಷೆಗಳು ಏಕೆ? ಆಕಸ್ಮಿಕವನ್ನು ಲೆಕ್ಕ ಹಾಕುವ ಬಗೆ ಪ್ರಶ್ನೆಯಿಂದ ಪ್ರಶ್ನೆಗೆ ಬೇರೆ. ಆದ್ದರಿಂದ ಮೊದಲು ಕೇಳಬೇಕಾದದ್ದು, ಬರೆದಿಟ್ಟಿರುವುದು ಎಣಿಕೆಯೋ, ಅಳತೆಯೋ ಎಂದು.

ಬೀಜ ಮೊಳೆಯಿತೇ ಇಲ್ಲವೇ, ರೋಗ ಬಂತೇ ಇಲ್ಲವೇ ಎಂಬ ಪ್ರಶ್ನೆಗೆ ಸಿಗುವುದು ಎಣಿಕೆ. ಇಂಥ ಕಡೆ ಕಾರ್ಲ್ ಪಿಯರ್‌ಸನ್ 1900ರಲ್ಲಿ ಕೊಟ್ಟ ಕೈ-ಸ್ಕ್ವೇರ್ ಪರೀಕ್ಷೆ ಹೊಂದುತ್ತದೆ. 1954ರಲ್ಲಿ ಅಮೆರಿಕದಲ್ಲಿ ಜೋನಾಸ್ ಸಾಲ್ಕ್ ಅವರ ಪೋಲಿಯೋ ಲಸಿಕೆಯನ್ನು ಶಾಲಾ ಮಕ್ಕಳ ಮೇಲೆ ಪರೀಕ್ಷಿಸಲಾಯಿತು. ಅದರ ಒಂದು ಭಾಗದಲ್ಲಿ 2,00,745 ಮಕ್ಕಳಿಗೆ ಲಸಿಕೆ, 2,01,229 ಮಕ್ಕಳಿಗೆ ನೋಡಲು ಅದರಂತೆಯೇ ಇದ್ದ, ಔಷಧಿಯಿಲ್ಲದ ಚುಚ್ಚುಮದ್ದು. ಯಾರಿಗೆ ಯಾವುದು ಎಂಬುದು ಮಕ್ಕಳಿಗಾಗಲಿ ವೈದ್ಯರಿಗಾಗಲಿ ತಿಳಿದಿರಲಿಲ್ಲ. ಕೊನೆಗೆ ಲಸಿಕೆ ಪಡೆದವರಲ್ಲಿ 57 ಮಕ್ಕಳಿಗೆ, ಪಡೆಯದವರಲ್ಲಿ 142 ಮಕ್ಕಳಿಗೆ ಪೋಲಿಯೋ ತಗಲಿತ್ತು.

ಲಸಿಕೆಯಿಂದ ಏನೂ ಪ್ರಯೋಜನವಿಲ್ಲ ಎಂದುಕೊಂಡರೆ ಒಟ್ಟು 199 ಪ್ರಕರಣಗಳು ಎರಡು ಗುಂಪಿಗೂ ಸುಮಾರು ನೂರು ನೂರರಂತೆ ಹಂಚಿಹೋಗಬೇಕಿತ್ತು. ನಿರೀಕ್ಷೆಗೂ ಕಂಡದ್ದಕ್ಕೂ ಇರುವ ಅಂತರವನ್ನು ವರ್ಗ ಮಾಡಿ, ನಿರೀಕ್ಷೆಯಿಂದ ಭಾಗಿಸಿ, ಕೂಡಿಸಿದರೆ ಸುಮಾರು 36 ಬರುತ್ತದೆ. ಇಂಥ ಲೆಕ್ಕದಲ್ಲಿ 3.84 ದಾಟಿದರೆ ಸಾಕು, ಆಕಸ್ಮಿಕದ ಸಂಭವ ನೂರರಲ್ಲಿ ಐದಕ್ಕಿಂತ ಕೆಳಗಿಳಿಯುತ್ತದೆ. 36 ಎಂದರೆ ಸಂಶಯಕ್ಕೆ ಜಾಗವೇ ಇಲ್ಲ. ಆದರೆ ಎಣಿಕೆ ತೀರಾ ಚಿಕ್ಕದಾಗಿದ್ದರೆ, ನಿರೀಕ್ಷಿತ ಸಂಖ್ಯೆ ಐದಕ್ಕಿಂತ ಕಡಿಮೆ ಇದ್ದರೆ, ಕೈ-ಸ್ಕ್ವೇರ್ ಅಷ್ಟು ನಂಬಿಕಸ್ಥವಲ್ಲ. ಆಗ ಚಹದ ಕಪ್ಪಿನಲ್ಲಿ ಮಾಡಿದಂತೆ ಎಲ್ಲ ದಾರಿಗಳನ್ನೂ ಎಣಿಸುವ ಫಿಷರ್ ಪರೀಕ್ಷೆಯೇ ಸೂಕ್ತ.

ಎತ್ತರ, ತೂಕ, ಸಮಯ ಇವೆಲ್ಲ ಅಳತೆಗಳು. ಎರಡು ಗುಂಪುಗಳ ಸರಾಸರಿ ಬೇರೆಯೇ ಎಂದು ಕೇಳುವಾಗ ಬೇಕಾದದ್ದು ಟಿ-ಪರೀಕ್ಷೆ. ಇದನ್ನು 1908ರಲ್ಲಿ ಕೊಟ್ಟವರು ಡಬ್ಲಿನ್ ನಗರದ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗಾಸೆಟ್. ಸ್ವಂತ ಹೆಸರು ಹಾಕದೆ ಅವರು ಇಟ್ಟುಕೊಂಡ ಕಾವ್ಯನಾಮ 'ಸ್ಟೂಡೆಂಟ್', ಅಂದರೆ ವಿದ್ಯಾರ್ಥಿ. ಹತ್ತಿಪ್ಪತ್ತು ಅಳತೆಗಳಷ್ಟೇ ಇರುವಾಗ ಎಷ್ಟು ಧೈರ್ಯವಾಗಿ ಮಾತಾಡಬಹುದು ಎಂಬುದೇ ಅವರ ಪ್ರಶ್ನೆಯಾಗಿತ್ತು. ಶಾಲಾ ಪ್ರಯೋಗಗಳ ಪ್ರಶ್ನೆಯೂ ಅದೇ ತಾನೆ?

ಗಾಸೆಟ್ ಆ ಲೇಖನದಲ್ಲಿ ಬಳಸಿದ ಒಂದು ಉದಾಹರಣೆ ಇಂದಿಗೂ ಪಾಠ ಹೇಳುತ್ತದೆ. ಅಮೆರಿಕದ ಮಿಷಿಗನ್ನಿನಲ್ಲಿ ಹತ್ತು ರೋಗಿಗಳಿಗೆ ನಿದ್ರೆ ಬರಿಸುವ ಎರಡು ಔಷಧಿಗಳನ್ನು ಬೇರೆ ಬೇರೆ ರಾತ್ರಿ ಕೊಟ್ಟು ನೋಡಲಾಗಿತ್ತು. 1905ರಲ್ಲಿ ಆ ಅಂಕಿಗಳು ಪ್ರಕಟವಾಗಿದ್ದವು. ಮೊದಲನೇ ಔಷಧಿಯಿಂದ ನಿದ್ರೆ ಸರಾಸರಿ 0.75 ಗಂಟೆ ಹೆಚ್ಚಿತು, ಎರಡನೆಯದರಿಂದ 2.33 ಗಂಟೆ. ಎರಡನೆಯದು ನಿಜಕ್ಕೂ ಮೇಲೇ?

ಇವನ್ನು ಬೇರೆ ಬೇರೆ ಜನರ ಎರಡು ಗುಂಪು ಎಂದು ಭಾವಿಸಿ ಸಾಮಾನ್ಯ ಟಿ-ಪರೀಕ್ಷೆ ಮಾಡಿದರೆ, ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಬರುವ ಸಂಭವ ನೂರರಲ್ಲಿ ಸುಮಾರು ಎಂಟು. ರೂಢಿಯ ಗೆರೆ ದಾಟಲಿಲ್ಲ, ಏನೂ ಹೇಳಲಾಗದು. ಆದರೆ ಅವರು ಬೇರೆ ಬೇರೆ ಜನರಲ್ಲ. ಎರಡೂ ಔಷಧಿ ಸೇವಿಸಿದವರು ಅದೇ ಹತ್ತು ಮಂದಿ. ಪ್ರತಿ ರೋಗಿಯನ್ನು ಅವನೊಂದಿಗೇ ಹೋಲಿಸಿದರೆ ಚಿತ್ರ ಬದಲಾಗುತ್ತದೆ. ಒಂಬತ್ತು ಮಂದಿ ಎರಡನೇ ಔಷಧಿಯಿಂದ ಹೆಚ್ಚು ನಿದ್ರಿಸಿದ್ದರು, ಒಬ್ಬನಿಗೆ ಎರಡೂ ಸಮ. ಮೊದಲನೆಯದರಿಂದ ಹೆಚ್ಚು ನಿದ್ರಿಸಿದವರು ಒಬ್ಬರೂ ಇರಲಿಲ್ಲ. ಹೀಗೆ ಜೋಡಿ ಮಾಡಿ ನೋಡುವ ಟಿ-ಪರೀಕ್ಷೆಯಲ್ಲಿ ಆಕಸ್ಮಿಕದ ಸಂಭವ ಸಾವಿರದಲ್ಲಿ ಸುಮಾರು ಮೂರು.

ಇಪ್ಪತ್ತು ಅಂಕಿಗಳು ಅವೇ. ಪರೀಕ್ಷೆ ಎರಡು, ತೀರ್ಪೂ ಎರಡು. ಯಾವುದು ಸರಿ? ಇಷ್ಟವಾದ ಉತ್ತರ ಕೊಟ್ಟದ್ದು ಸರಿ ಎನ್ನುವಂತಿಲ್ಲ. ಜೋಡಿ ಪರೀಕ್ಷೆ ಸರಿಯಾದದ್ದು ಏಕೆಂದರೆ ಪ್ರಯೋಗವನ್ನು ನಡೆಸಿದ್ದೇ ಜೋಡಿಯಾಗಿ. ಯಾವ ಔಷಧಿ ಕೊಟ್ಟರೂ ಕೆಲವರ ನಿದ್ರೆ ಹೆಚ್ಚು ಬೆಳೆಯುತ್ತದೆ, ಕೆಲವರದು ಕಡಿಮೆ. ಈ ವೈಯಕ್ತಿಕ ಏರುಪೇರು ಸಾಮಾನ್ಯ ಪರೀಕ್ಷೆಯಲ್ಲಿ ಔಷಧಿಯ ಗುಣವನ್ನು ಮುಚ್ಚಿಹಾಕಿತ್ತು. ತರಬೇತಿಗೆ ಮುಂಚೆ ಮತ್ತು ಆಮೇಲೆ ಅದೇ ವಿದ್ಯಾರ್ಥಿಗಳ ಅಂಕ ಹೋಲಿಸುವಾಗಲೂ ಇದೇ ನ್ಯಾಯ.

ಗುಂಪುಗಳು ಎರಡಕ್ಕಿಂತ ಹೆಚ್ಚಿದ್ದರೆ? ಐದು ಬಗೆಯ ಗೊಬ್ಬರ ಹಾಕಿದವರು ಎರಡೆರಡನ್ನೇ ಹೋಲಿಸುತ್ತ ಹೋದರೆ ಹತ್ತು ಟಿ-ಪರೀಕ್ಷೆಗಳಾಗುತ್ತವೆ. ಒಂದೊಂದರಲ್ಲೂ ಮೋಸಹೋಗುವ ಅಪಾಯ ಸ್ವಲ್ಪ ಇದ್ದೇ ಇದೆ. ಹತ್ತೂ ಸೇರಿದಾಗ ಅದು ಬೆಳೆಯುತ್ತದೆ. ರೋಥಾಮ್‌ಸ್ಟೆಡ್‌ನ ಹೊಲಗಳಲ್ಲಿ ಇದೇ ಸಮಸ್ಯೆ ಎದುರಿಸಿದ ಫಿಷರ್ 1920ರ ದಶಕದಲ್ಲಿ ರೂಪಿಸಿದ್ದು ಅನೋವಾ ಎಂಬ ಪರೀಕ್ಷೆ. ಗುಂಪು ಗುಂಪಿನ ನಡುವಿನ ಏರುಪೇರು, ಗುಂಪಿನ ಒಳಗಿನ ಏರುಪೇರಿಗಿಂತ ಎಷ್ಟು ಪಾಲು ಹೆಚ್ಚು ಎಂದು ಅದು ಒಂದೇ ಸಲಕ್ಕೆ ನೋಡುತ್ತದೆ.

ಎಣಿಕೆಯೂ ಅಲ್ಲದ, ಅಳತೆಯೂ ಅಲ್ಲದ ಇನ್ನೊಂದು ಜಾತಿ ಇದೆ. ಹಾಸ್ಟೆಲಿನ ಊಟ 'ಚೆನ್ನಾಗಿದೆ, ಪರವಾಗಿಲ್ಲ, ಚೆನ್ನಾಗಿಲ್ಲ' ಎಂದು ಹೇಳಿಸಿ ಅದಕ್ಕೆ 3, 2, 1 ಎಂದು ಅಂಕ ಕೊಡುವುದುಂಟು. ಆದರೆ ಚೆನ್ನಾಗಿದೆ ಎಂಬುದಕ್ಕೂ ಪರವಾಗಿಲ್ಲ ಎಂಬುದಕ್ಕೂ ಇರುವ ದೂರ, ಪರವಾಗಿಲ್ಲ ಎಂಬುದಕ್ಕೂ ಚೆನ್ನಾಗಿಲ್ಲ ಎಂಬುದಕ್ಕೂ ಇರುವ ದೂರ ಒಂದೇ ಎಂದು ಹೇಳುವವರು ಯಾರು? ಇಲ್ಲಿ ಗೊತ್ತಿರುವುದು ಮೇಲು ಕೀಳಿನ ಸಾಲು ಮಾತ್ರ. ಇಂಥದಕ್ಕೆ ಸಾಲಿನ ಸ್ಥಾನವನ್ನಷ್ಟೇ ನೋಡುವ ಪರೀಕ್ಷೆಗಳಿವೆ. 1945ರಲ್ಲಿ ವಿಲ್‌ಕಾಕ್ಸನ್, 1947ರಲ್ಲಿ ಮ್ಯಾನ್ ಮತ್ತು ವಿಟ್ನಿ ಪ್ರಕಟಿಸಿದ ಪರೀಕ್ಷೆಗಳು ಈ ಬಗೆಯವು. ಒಂದೆರಡು ಅಳತೆಗಳು ಉಳಿದವುಗಳಿಂದ ತೀರಾ ದೂರ ಜಿಗಿದಿದ್ದಾಗಲೂ ಇವು ಕೈಹಿಡಿಯುತ್ತವೆ.

ಕೊನೆಯದು ಸಂಬಂಧದ ಪ್ರಶ್ನೆ. ಓದಿದ ಗಂಟೆಗೂ ಬಂದ ಅಂಕಕ್ಕೂ ನಂಟಿದೆಯೇ? ಇಲ್ಲಿ ಗುಂಪುಗಳಿಲ್ಲ, ಪ್ರತಿಯೊಬ್ಬರಿಗೂ ಎರಡೆರಡು ಅಳತೆ. ಇದಕ್ಕೆ ಸಹಸಂಬಂಧದ ಲೆಕ್ಕ. ಉತ್ತರ -1ರಿಂದ +1ರವರೆಗೆ ಇರುತ್ತದೆ. ಆದರೆ ನಂಟಿದೆ ಎಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎಂದಾಗದು. ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ಚಪ್ಪಲಿ ದೊಡ್ಡದಾದಷ್ಟೂ ಓದುವ ಜಾಣ್ಮೆ ಹೆಚ್ಚು. ಜಾಣ್ಮೆ ಇರುವುದು ಚಪ್ಪಲಿಯಲ್ಲಲ್ಲ, ಅದರ ಹಿಂದಿರುವ ವಯಸ್ಸಿನಲ್ಲಿ.

ಇಷ್ಟೆಲ್ಲ ತಿಳಿದವರನ್ನೂ ಕಾಡುವ ಆಸೆಯೊಂದಿದೆ. ಒಂದು ಪರೀಕ್ಷೆಯಲ್ಲಿ ಬಯಸಿದ ಉತ್ತರ ಬಾರದಿದ್ದರೆ ಇನ್ನೊಂದು, ಅದೂ ಆಗದಿದ್ದರೆ ಮತ್ತೊಂದು. ಮದುವೆ ನಿಶ್ಚಯ ಮಾಡಿಕೊಂಡು ಆಮೇಲೆ ಹೊಂದುವ ಜಾತಕ ಹುಡುಕಿದ ಹಾಗೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪ್ರಶ್ನೆ ಕೇಳಿದರೆ, ಯಾವುದರಲ್ಲೂ ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಒಂದಾದರೂ 'ವ್ಯತ್ಯಾಸವಿದೆ' ಎನ್ನುವ ಸಂಭವ ನೂರರಲ್ಲಿ 64. ಆ ಒಂದನ್ನೇ ಚಾರ್ಟಿನ ಮೇಲೆ ಬರೆದು ಉಳಿದ ಹತ್ತೊಂಬತ್ತನ್ನು ಮುಚ್ಚಿಟ್ಟರೆ ಬಹುಮಾನ ಬರಬಹುದು, ವಿಜ್ಞಾನ ಬರದು. ಹಾಗೆಯೇ ವ್ಯತ್ಯಾಸ ಕಾಣಲಿಲ್ಲ ಎಂದರೆ ವ್ಯತ್ಯಾಸವೇ ಇಲ್ಲ ಎಂದೂ ಅಲ್ಲ. ಕುಂಡಗಳು ಸಾಲದೆಯೂ ಇರಬಹುದು.

ಈಗ ತಾರಸಿಯ ಹುಡುಗಿಯ ನೋಟುಪುಸ್ತಕಕ್ಕೆ ಬಂದರೆ, ನಾನೂರು ಅಂಕಿಗಳಿದ್ದರೂ ಗಿಡಗಳು ಇಪ್ಪತ್ತೇ. ಒಂದೇ ಗಿಡವನ್ನು ಇಪ್ಪತ್ತು ದಿನ ಅಳೆದರೆ ಅದು ಇಪ್ಪತ್ತು ಗಿಡವಾಗದು. ನಾನೂರನ್ನೂ ಟಿ-ಪರೀಕ್ಷೆಗೆ ತುಂಬಿದರೆ ಇಲ್ಲದ ಧೈರ್ಯ ಬಂದುಬಿಡುತ್ತದೆ. ಇದನ್ನಾದರೂ ಸರಿಪಡಿಸಬಹುದು, ಕೊನೆಯ ದಿನದ ಎತ್ತರವನ್ನಷ್ಟೇ ತೆಗೆದುಕೊಂಡರಾಯಿತು. ಸರಿಪಡಿಸಲಾಗದ್ದು ಇನ್ನೊಂದಿದೆ. ಗೊಬ್ಬರದ ಸಾಲು ಇಡೀ ದಿನ ಬಿಸಿಲಿನಲ್ಲಿತ್ತು, ಬರೀ ಮಣ್ಣಿನ ಸಾಲು ಗೋಡೆಯ ನೆರಳಿನಲ್ಲಿತ್ತು. ಬೆಳೆಸಿದ್ದು ಗೊಬ್ಬರವೋ ಬಿಸಿಲೋ? ಯಾವ ಪರೀಕ್ಷೆಯೂ ಹೇಳಲಾರದು. ಫಿಷರ್ ಹೇಳಿದ ಶವಪರೀಕ್ಷೆ ಎಂದರೆ ಇದೇ.

ಅಪ್ಪ ಅಮ್ಮನಿಗೆ ಸೂತ್ರ ಗೊತ್ತಿರಬೇಕಾಗಿಲ್ಲ. ಮಕ್ಕಳು ಬೀಜ ಊರುವ ಮುನ್ನ ಮೂರು ಮಾತು ಕೇಳಿದರೆ ಸಾಕು. ತಿಳಿಯಬೇಕಾದದ್ದೇನು, ವ್ಯತ್ಯಾಸವೋ ಸಂಬಂಧವೋ? ಬರೆದಿಡುವುದು ಎಣಿಕೆಯೋ, ಅಳತೆಯೋ, ಮೇಲು ಕೀಳಿನ ಸಾಲೋ? ಗುಂಪುಗಳೆಷ್ಟು, ಅವು ಬೇರೆ ಬೇರೆಯೋ ಜೋಡಿಯೋ? ಈ ಮೂರಕ್ಕೆ ಉತ್ತರ ಬರೆದರೆ ಪರೀಕ್ಷೆಯ ಹೆಸರು ತಾನಾಗಿ ಸಿಗುತ್ತದೆ.

ಹುಡುಗಿಗೆ ಇನ್ನೂ ಸಮಯವಿದ್ದರೆ ಒಳ್ಳೆಯ ದಾರಿಯೊಂದಿದೆ. ಹತ್ತು ಕಡೆ ಎರಡೆರಡು ಕುಂಡ ಅಕ್ಕಪಕ್ಕ ಇಡುವುದು, ಬಿಸಿಲು ನೆರಳು ಎರಡಕ್ಕೂ ಸಮ. ಗೊಬ್ಬರ ಯಾವುದಕ್ಕೆ ಎಂದು ನಾಣ್ಯ ಚಿಮ್ಮಿ ತೀರ್ಮಾನಿಸುವುದು. ಇಪ್ಪತ್ತನೇ ದಿನದ ಎತ್ತರವನ್ನು ಜೋಡಿ ಟಿ-ಪರೀಕ್ಷೆಯಿಂದ ನೋಡುವುದು ಎಂದು ನೋಟುಪುಸ್ತಕದ ಮೊದಲ ಪುಟದಲ್ಲಿ ಇಂದೇ ಬರೆದು ತಾರೀಖು ಹಾಕುವುದು. ಬೀಜ ಊರುವುದು ಆಮೇಲೆ.