ಪಾಚಿಯೆಂದು ತಳ್ಳಿಹಾಕುವ ಮುನ್ನ

ಘಟ್ಟದ ಯೋಜನೆಗಳಿಗಾಗಿ ಸಿದ್ಧವಾಗುವ ಪರಿಸರ ಪರಿಣಾಮ ವರದಿಗಳ ಸಸ್ಯಪಟ್ಟಿಯನ್ನು ತೆರೆದು ನೋಡಿ. ಮರಗಳಿರುತ್ತವೆ, ಪೊದೆಗಳಿರುತ್ತವೆ, ಒಮ್ಮೊಮ್ಮೆ ಜರೀಗಿಡಗಳೂ ಇರುತ್ತವೆ. ಅಬ್ಬಿಯ ಬಂಡೆಗೆ, ಹಳ್ಳದ ದಂಡೆಗೆ, ತೋಟದ ಧರೆಗೆ ಅಂಟಿಕೊಂಡು ಬೆಳೆಯುವ ಲಿವರ್‌ವರ್ಟ್‌ಗಳು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಹಸಿರಾಗಿ ಜಾರುವುದೆಲ್ಲವನ್ನೂ ನಾವು ಪಾಚಿ ಅಥವಾ ಹಾವಸೆ ಎಂದು ಕರೆದುಬಿಡುತ್ತೇವೆ. ರೈತನಿಗೆ ಅದು ಸಾಕು. ಅಧ್ಯಯನಕ್ಕೆಂದೇ ಹಣ ಪಡೆದವರಿಗೆ ಸಾಲದು. ಕೇಳಿದರೆ ದೊರೆಯುವ ಉತ್ತರ ಸಿದ್ಧವಾಗಿಯೇ ಇದೆ: ಅವು ಎಲ್ಲೆಡೆ ಕಾಣುವ ಸಾಮಾನ್ಯ ಸಸ್ಯಗಳು, ಇಲ್ಲಿ ಹೋದರೆ ಇನ್ನೊಂದೆಡೆ ಇದ್ದೇ ಇರುತ್ತವೆ. ಈ ‘ಸಾಮಾನ್ಯ’ ಎಂಬ ಮಾತಿಗೆ ಆಧಾರವೇನು?

ಸಸ್ಯದ ಜೀವಕೋಶದಲ್ಲಿ ಕೋಶಕೇಂದ್ರದ ಡಿಎನ್‌ಎ ಅಲ್ಲದೆ, ಬಿಸಿಲಿನಿಂದ ಆಹಾರ ತಯಾರಿಸುವ ಕ್ಲೋರೋಪ್ಲಾಸ್ಟ್‌ನಲ್ಲಿಯೂ ಶಕ್ತಿ ಒದಗಿಸುವ ಮೈಟೋಕಾಂಡ್ರಿಯದಲ್ಲಿಯೂ ಅವುಗಳದೇ ಆದ ಪುಟ್ಟ ಜೀನೋಮ್‌ಗಳಿವೆ. ಲಿವರ್‌ವರ್ಟ್‌ಗಳಲ್ಲಿ ಇವು ಬಹಳ ಸ್ಥಿರ. ಜೀನ್‌ಗಳು ಕಳೆದುಹೋಗುವುದಾಗಲಿ ಅವುಗಳ ಕ್ರಮ ಪಲ್ಲಟವಾಗುವುದಾಗಲಿ ಅಪರೂಪ. ಇಷ್ಟು ನಿಧಾನವಾಗಿ ಬದಲಾಗುವ ಬರಹದಲ್ಲಿ, ಒಂದೇ ಹೆಸರಿನ ಎರಡು ಗಿಡಗಳ ನಡುವೆ ವ್ಯತ್ಯಾಸಗಳು ಸಾಲುಸಾಲಾಗಿ ಕಂಡರೆ, ಅವು ಬಹುಕಾಲದಿಂದ ಬೇರೆಬೇರೆಯಾಗಿ ಬಾಳುತ್ತಿವೆಯೆಂದು ಶಂಕಿಸಲು ಬಲವಾದ ಕಾರಣವಿದೆ.

ಪೋಲೆಂಡಿನ ಸಂಶೋಧಕರು 2023ರಲ್ಲಿ ಪೆಲ್ಲಿಯ ಮತ್ತು ಅಪೋಪೆಲ್ಲಿಯ ಎಂಬ ಎರಡು ಕುಲಗಳಲ್ಲಿ ಇದನ್ನೇ ಪರೀಕ್ಷಿಸಿದರು. ಇವು ತೇವದ ನೆಲದಲ್ಲಿ ಪಟ್ಟಿಯಂತೆ ಹರಡುವ ಸರಳ ಸಸ್ಯಗಳು. ನೆಲೆ ಬದಲಾದಂತೆ ರೂಪವನ್ನೂ ಬದಲಿಸುವುದರಿಂದ ಕಣ್ಣಿನಿಂದ ಗುರುತಿಸುವುದು ಕಷ್ಟ. ಅಪೋಪೆಲ್ಲಿಯದ ಮೈಟೋಕಾಂಡ್ರಿಯ ಜೀನೋಮ್ ಸುಮಾರು 1,09,000 ಅಕ್ಷರ ಜೋಡಿಗಳಿಗೆ ಕುಗ್ಗಿತ್ತು. ಅದುವರೆಗೆ ತಿಳಿದಿದ್ದ ಲಿವರ್‌ವರ್ಟ್‌ಗಳಲ್ಲಿ ಅದೇ ಅತ್ಯಂತ ಚಿಕ್ಕದು. ಕುಗ್ಗಿದ್ದು ಜೀನ್‌ಗಳ ನಡುವಿನ ತೆರಪು ಮಾತ್ರ. ಇಡೀ ಜೀನೋಮನ್ನೇ ಗುರುತಿನ ಚೀಟಿಯಾಗಿ ಬಳಸಿದಾಗ ಆ ಕುಲಗಳೊಳಗಿನ ಗುಪ್ತ ಕವಲುಗಳೆಲ್ಲವೂ ಬೇರ್ಪಟ್ಟವು. ಕೆಲವೆಡೆ ಕ್ಲೋರೋಪ್ಲಾಸ್ಟ್‌ಗಿಂತ ಮೈಟೋಕಾಂಡ್ರಿಯವೇ ಹೆಚ್ಚು ಸ್ಪಷ್ಟವಾಗಿ ನುಡಿಯಿತು.

ಇದು ಒಂದೆರಡು ಕುಲಗಳ ಕಥೆಯಲ್ಲ. ಕೋನೋಸೆಫಲಮ್ ಕೋನಿಕಮ್ ಎಂಬ ದೊಡ್ಡ ಲಿವರ್‌ವರ್ಟ್‌ನ ಗಿಡಗಳಲ್ಲಿ ಕಿಣ್ವಗಳ ವ್ಯತ್ಯಾಸ ಕಂಡುಬಂದ ಮೇಲೆ, 2005ರಲ್ಲಿ ಅದರಿಂದ ಕೋನೋಸೆಫಲಮ್ ಸಲೆಬ್ರೋಸಮ್ ಎಂಬ ಪ್ರಭೇದ ಬೇರೆಯಾಯಿತು. ಬೇರೆಯೆಂದು ತಿಳಿದ ಮೇಲೆ ಕಣ್ಣಿಗೂ ಕಂಡಿತು: ಒಂದರ ಮೈ ಹೊಳಪು, ಇನ್ನೊಂದರದು ಮಂಕು ಮತ್ತು ತಗ್ಗುಗೆರೆಗಳದ್ದು. ಅಲ್ಲಿಯವರೆಗೆ ನೋಡುವವರು ನೋಡುತ್ತಲೇ ಇದ್ದರು!

ಇನ್ನೂ ಮುಜುಗರದ ಉದಾಹರಣೆ ಬೇಕಿದ್ದರೆ ಮಾರ್ಕಾಂಶಿಯವಿದೆ, ಪದವಿ ತರಗತಿಗಳ ಹಳೆಯ ಪರಿಚಿತ. ಜಪಾನಿನಲ್ಲಿ 1986ರಲ್ಲಿ ಅದರ ಕ್ಲೋರೋಪ್ಲಾಸ್ಟ್ ಜೀನೋಮನ್ನು, ಸುಮಾರು 1,21,000 ಅಕ್ಷರ ಜೋಡಿಗಳನ್ನು, ಪೂರ್ಣವಾಗಿ ಓದಲಾಯಿತು. ಹೀಗೆ ಮೊದಲು ಓದಲ್ಪಟ್ಟ ಎರಡು ಸಸ್ಯಗಳೆಂದರೆ ತಂಬಾಕು ಮತ್ತು ಇದು. 1992ರಲ್ಲಿ ಮೈಟೋಕಾಂಡ್ರಿಯದ್ದೂ ಆಯಿತು. ಎರಡೂ ಮಾರ್ಕಾಂಶಿಯ ಪಾಲಿಮಾರ್ಫ ಎಂಬ ಹೆಸರಿನಲ್ಲಿ ಪ್ರಕಟವಾದವು. ಆ ಗಿಡ ವಾಸ್ತವವಾಗಿ ಅದರ ಬಂಧುವಾದ ಮಾರ್ಕಾಂಶಿಯ ಪಾಲಿಯೇಶಿಯ ಎಂಬುದು ಗೊತ್ತಾಗಲು ಸುಮಾರು ಮೂರು ದಶಕ ಬೇಕಾಯಿತು. ಪ್ರಪಂಚದಲ್ಲೇ ಅತಿ ಹೆಚ್ಚು ಪರಿಶೀಲನೆಗೊಳಗಾದ ಲಿವರ್‌ವರ್ಟ್‌ನ ಗತಿ ಇದಾದರೆ, ಬೇಸಿಗೆಯಲ್ಲಿ ಎರಡು ದಿನ ಕಾಡು ಸುತ್ತಿ ‘ವಿಶೇಷವೇನಿಲ್ಲ’ ಎಂದು ಬರೆಯುವವರ ಧೈರ್ಯವನ್ನು ಏನೆನ್ನಬೇಕು? ನಮ್ಮ ಘಟ್ಟದ ಎಷ್ಟೋ ಲಿವರ್‌ವರ್ಟ್‌ಗಳು ಬೇಸಿಗೆಯಲ್ಲಿ ಒಣಗಿ ಕಣ್ಣಿಗೇ ಬೀಳುವುದಿಲ್ಲ.

ಡಿಎನ್‌ಎ ವ್ಯತ್ಯಾಸವಿದ್ದ ಮಾತ್ರಕ್ಕೆ ಪ್ರಭೇದವಾಗದು ಎಂಬ ಆಕ್ಷೇಪ ನ್ಯಾಯವಾದದ್ದೇ. ಈ ಎರಡು ಜೀನೋಮ್‌ಗಳು ಸಾಮಾನ್ಯವಾಗಿ ತಾಯಿಯ ಕಡೆಯಿಂದ ಮಾತ್ರ ಬರುವುದರಿಂದ ಅರ್ಧ ವಂಶಾವಳಿಯನ್ನಷ್ಟೇ ಹೇಳುತ್ತವೆ. ಕೋಶಕೇಂದ್ರದ ಡಿಎನ್‌ಎ, ರೂಪ, ನೆಲೆ ಎಲ್ಲವನ್ನೂ ಕೂಡಿಸಿ ನೋಡಬೇಕು. ಆದರೆ ಈ ಆಕ್ಷೇಪವನ್ನು ಎತ್ತುವವರು ಮರೆಯುವ ಒಂದು ಅಂಶವಿದೆ: ಅನುಮಾನವಿರುವಾಗ ಪರೀಕ್ಷಿಸಬೇಕೇ ಹೊರತು ಬಂಡೆಯನ್ನು ಸಿಡಿಸಬಾರದು.

ಬೇರಿಲ್ಲದ ಈ ಸಸ್ಯಗಳು ಮೈಯಿಂದಲೇ ನೀರು ಹೀರುತ್ತವೆ. ಅಬ್ಬಿಯ ನೀರನ್ನು ಕೊಳವೆಗೆ ತಿರುಗಿಸಿದರೆ ತುಂತುರು ನಿಲ್ಲುತ್ತದೆ. ತುಂತುರು ನಿಂತರೆ ಅದನ್ನೇ ನಂಬಿದ ಬಂಡೆಯ ಹಸಿರು ಹೋಗುತ್ತದೆ, ಒಂದು ಮರವೂ ಉರುಳದೆ. ವಿಪರ್ಯಾಸವೆಂದರೆ 2006ರ ಪರಿಸರ ಪರಿಣಾಮ ಅಧಿಸೂಚನೆಯು 25 ಮೆಗಾವಾಟ್‌ಗಿಂತ ಚಿಕ್ಕ ಜಲವಿದ್ಯುತ್ ಯೋಜನೆಗಳನ್ನು ಪೂರ್ವಾನುಮತಿಯ ಹೊರಗಿರಿಸಿತು. ಇಂತಹ ಅಬ್ಬಿಗಳ ಮೇಲೆ ಕಣ್ಣಿಡುವುದು ಬಹುಮಟ್ಟಿಗೆ ಆ ಚಿಕ್ಕ ಯೋಜನೆಗಳೇ. ಭತ್ತ, ಕಾಫಿಗಳ ಡಿಎನ್‌ಎ ಓದಲು ಸೌಲಭ್ಯವಿರುವ ನಮ್ಮ ಕೃಷಿ ವಿಜ್ಞಾನದ ಬಳಗವೂ, ಮಾರುಕಟ್ಟೆಯಿಲ್ಲದ ಗಿಡವೆಂದು ಇತ್ತ ತಿರುಗಿ ನೋಡಿದ್ದು ಕಡಿಮೆ.

ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು 2002ರ ಕಾಯ್ದೆಯಂತೆ ಸಿದ್ಧಪಡಿಸುವ ದಾಖಲಾತಿಯಲ್ಲಿ ಅಬ್ಬಿ, ಹಳ್ಳಗಳ ಹಾವಸೆ ಸಸ್ಯಗಳಿಗೂ ಪುಟಗಳಿರಲಿ. ವಿದ್ಯಾರ್ಥಿಗಳು ಮಳೆಗಾಲದಲ್ಲಿ ಉಗುರಿನಷ್ಟು ಮಾದರಿ ತೆಗೆದು, ಕಾಗದದ ಪೊಟ್ಟಣದಲ್ಲಿ ಒಣಗಿಸಿ, ಸ್ಥಳ, ದಿನಾಂಕ, ಬಂಡೆಯೋ ಮಣ್ಣೋ ತೊಗಟೆಯೋ ಎಂಬುದನ್ನು ಬರೆದು ಕಾಲೇಜಿನ ಸಸ್ಯಸಂಗ್ರಹಕ್ಕೆ ಸೇರಿಸಲಿ. ಒಣಗಿದ ಗಿಡದಿಂದಲೂ ಡಿಎನ್‌ಎ ತೆಗೆಯಬಹುದು. ಸಾರ್ವಜನಿಕ ಅಹವಾಲು ಸಭೆಗೆ ಹೋಗುವವರು ವರದಿಯ ಕರ್ತೃಗಳನ್ನು ಮೂರೇ ಪ್ರಶ್ನೆ ಕೇಳಬೇಕು: ಯಾವ ತಿಂಗಳಲ್ಲಿ ನೋಡಿದಿರಿ, ಯಾರು ಗುರುತಿಸಿದರು, ಮಾದರಿ ಎಲ್ಲಿದೆ? ಉತ್ತರ ಬಾರದಿದ್ದರೆ, ಬರಲಿಲ್ಲವೆಂಬುದನ್ನೇ ನಡಾವಳಿಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಬೇಕು.