ಕಣ್ಣೀರಿನ ಖಡ್ಗಮೃಗ ಸಾಕು

ಮಕ್ಕಳಿಗಾಗಿ ಬರೆದ ಖಡ್ಗಮೃಗದ ಕತೆಗಳನ್ನು ಓದುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಒಂದು ಮುದ್ದು ಮರಿ, ಕೊಂಬಿಗಾಗಿ ಸತ್ತ ತಾಯಿ, ಬಂದೂಕು ಹಿಡಿದ ದುಷ್ಟ, ಅವನನ್ನು ಹಿಡಿಯುವ ಅರಣ್ಯ ರಕ್ಷಕ. ಕೊನೆಯ ಪುಟದಲ್ಲಿ ‘ನನ್ನನ್ನು ಉಳಿಸಿ’ ಎಂದು ಮರಿ ಬೇಡುತ್ತದೆ. ಮಗು ಅತ್ತು, ಚಿತ್ರಕ್ಕೆ ಬಣ್ಣ ತುಂಬಿ, ಎದ್ದು ಹೋಗುತ್ತದೆ. ಅದಕ್ಕೆ ತಿಳಿದದ್ದೇನು? ಕೆಟ್ಟವನೊಬ್ಬನಿದ್ದ, ಸಿಕ್ಕಿಬಿದ್ದ, ಅಷ್ಟೇ.

ಆ ಕೆಟ್ಟವನ ಹಿಂದೆ ಯಾರಿದ್ದಾರೆ? ಕೂಚ್ ಬಿಹಾರದ ಮಹಾರಾಜ ನೃಪೇಂದ್ರ ನಾರಾಯಣ ತನ್ನ 37 ವರ್ಷಗಳ ಬೇಟೆಯ ಲೆಕ್ಕವನ್ನು ಪುಸ್ತಕವಾಗಿಯೇ ಅಚ್ಚು ಹಾಕಿಸಿದ. ಅದರಲ್ಲಿ 207 ಖಡ್ಗಮೃಗಗಳಿವೆ. ಅದನ್ನು ಶಿಕಾರಿ ಎಂದು ಕರೆದು ಮರ್ಯಾದೆ ಕೊಟ್ಟರು. ಇಂದು ಕತ್ತಲಲ್ಲಿ ಕಾಡಿಗೆ ನುಗ್ಗುವವನಿಗೆ ಸಿಗುವುದು ಕೊಂಬಿನ ಬೆಲೆಯಲ್ಲಿ ಚೂರು ಪಾಲು, ಉಳಿದದ್ದು ದಲ್ಲಾಳಿಗಳಿಗೆ. ಔಷಧಿಯೆಂದೋ ಅಂತಸ್ತಿನ ಗುರುತೆಂದೋ ಅದನ್ನು ಕೊಳ್ಳುವವರು ಚೀನಾ, ವಿಯೆಟ್ನಾಂಗಳ ಉಳ್ಳವರು. ಕೊಂಬಿನಲ್ಲಿರುವುದು ನಮ್ಮ ಉಗುರಿನಲ್ಲೂ ಇರುವ ಕೆರಾಟಿನ್. 2021ರ ಸೆಪ್ಟೆಂಬರ್ 22ರಂದು ಅಸ್ಸಾಂ ಸರ್ಕಾರ ಬೊಕಾಖಾತ್‌ನಲ್ಲಿ 2,479 ಕೊಂಬುಗಳನ್ನು ಬಹಿರಂಗವಾಗಿ ಸುಟ್ಟು ಸಾರಿದ್ದೂ ಇದನ್ನೇ. ಮಕ್ಕಳ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಪುಟ ಬೇಕೆ?

ಬಂದೂಕಿಲ್ಲದ ಅಪಾಯವೂ ಇದೆ. ಬ್ರಹ್ಮಪುತ್ರದ ನೆರೆಯೇ ಕಾಜಿರಂಗದ ಹುಲ್ಲುಗಾವಲಿಗೆ ಜೀವ. ಅದೇ ನೆರೆ ಏರಿದಾಗ ಪ್ರಾಣಿಗಳು ಹೆದ್ದಾರಿ ದಾಟಿ ಕಾರ್ಬಿ ಆಂಗ್ಲಾಂಗ್ ಗುಡ್ಡ ಸೇರಬೇಕು. ದಾರಿಯಲ್ಲಿ ಲಾರಿಗಳ ಸಾಲು. ಆ ಗುಡ್ಡಗಳ ಗಣಿಗಾರಿಕೆ ತಡೆಯಲು 2019ರಲ್ಲಿ ಸುಪ್ರೀಂ ಕೋರ್ಟೇ ಆದೇಶಿಸಬೇಕಾಯಿತು. ಈ ಕತೆಯಲ್ಲಿ ಅರಣ್ಯ ರಕ್ಷಕ ಯಾರನ್ನು ಹಿಡಿಯಬೇಕು?

‘ಇಷ್ಟೆಲ್ಲ ಮಕ್ಕಳಿಗೆ ಭಾರವಾಗುತ್ತದೆ’ ಎನ್ನುವವರಿದ್ದಾರೆ. ಹುಲಿಯೇ ಪ್ರಾಣಬಿಡುವ ಪುಣ್ಯಕೋಟಿಯ ಕತೆ ಕೇಳಿ ಬೆಳೆದ ನಾಡು ನಮ್ಮದು. ಹಸಿವು, ಮಾತು, ಸಾವು ಎಲ್ಲವನ್ನೂ ನಮ್ಮ ಮಕ್ಕಳು ಆ ಒಂದೇ ಕತೆಯಲ್ಲಿ ತೂಗಿ ನೋಡಿದ್ದಾರೆ. ಕಾರಣಗಳು ಭಾರವಾಗುತ್ತಿರುವುದು ಬರೆಯುವ ನಮಗೆ. ದುಷ್ಟನೊಬ್ಬನನ್ನು ಸೃಷ್ಟಿಸುವುದು ಸುಲಭ. ಕೊಳ್ಳುವವನನ್ನು, ರಸ್ತೆಯನ್ನು, ಗಣಿಯನ್ನು ಕತೆಗೆ ತರಲು ಓದಬೇಕು, ದುಡಿಯಬೇಕು.

2022ರ ಗಣತಿಯಲ್ಲಿ ಕಾಜಿರಂಗದ ಖಡ್ಗಮೃಗಗಳು 2,613. ಕಾನೂನು, ಕಾವಲು, ಹುಲ್ಲುಗಾವಲು ಮೂರೂ ಸೇರಿ ಉಳಿಸಿದ ಲೆಕ್ಕವಿದು. ಮಗುವಿಗೆ ಬಣ್ಣದ ಪೆನ್ಸಿಲ್ ಕೊಡಿ, ಬೇಡವೆನ್ನುವುದಿಲ್ಲ. ಜೊತೆಗೊಂದು ನಕ್ಷೆಯನ್ನೂ ಕೊಡಿ. ನದಿ, ಹೆದ್ದಾರಿ, ಗುಡ್ಡ ಮೂರನ್ನೂ ಅದು ಗುರುತಿಸಲಿ. ನಡುವೆ ದಾಟುವ ದಾರಿ ಎಲ್ಲಿ ಎಂದು ಆ ಮಗುವೇ ಕೇಳುತ್ತದೆ.