ಕೈಕೊಡುವ ಲೆಕ್ಕದ ತಂತ್ರಾಂಶ: ಹೊಣೆ ಮಾತ್ರ ವ್ಯಾಪಾರಿಯದು

ಬೆಂಗಳೂರು: ಜಿಎಸ್‌ಟಿ ಲೆಕ್ಕ ಸಲ್ಲಿಸುವ ಗಡುವು ಸಮೀಪಿಸಿದಾಗ ಸಣ್ಣ ವ್ಯಾಪಾರಿಯ ಗಣಕದ ಪರದೆಯ ಮೇಲೆ 'ಇಂಟರ್ನಲ್ ಎರರ್' ಎಂಬ ಸಂದೇಶ ಮೂಡಿದರೆ ಅದು ಕೇವಲ ತಾಂತ್ರಿಕ ತೊಂದರೆಯಾಗಿ ಉಳಿಯುವುದಿಲ್ಲ. ತೆರಿಗೆ ಕಟ್ಟಬೇಕಾದವರ ಜಿಎಸ್‌ಟಿಆರ್-3ಬಿ ತಡವಾದರೆ ದಿನಕ್ಕೆ 50 ರೂ. ವಿಳಂಬ ಶುಲ್ಕ, ಬಾಕಿ ತೆರಿಗೆಗೆ ವಾರ್ಷಿಕ ಶೇ 18ರ ಬಡ್ಡಿ. ಅಂಗಡಿಯ ತಂತ್ರಾಂಶ ಕೆಟ್ಟಿತೆಂದು ಗಡುವು ಮುಂದಕ್ಕೆ ಹೋಗದು.

1986ರಲ್ಲಿ ಆರಂಭವಾದ, ಬೆಂಗಳೂರು ಮೂಲದ ಟ್ಯಾಲಿಯಂತಹ ತಂತ್ರಾಂಶಗಳು ಕಿರ್ದಿ-ಖಾತೆಯ ಕೆಂಪು ಪುಸ್ತಕಗಳ ಸ್ಥಾನವನ್ನು ಆಕ್ರಮಿಸಿ ದಶಕಗಳಾದವು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದ ಬಳಿಕ ಈ ಅವಲಂಬನೆ ಇನ್ನಷ್ಟು ಹೆಚ್ಚಿತು. ಪುಸ್ತಕದ ಒಂದು ಹಾಳೆ ಹರಿದರೆ ಉಳಿದವು ಓದಲು ಸಿಗುತ್ತಿದ್ದವು. ದತ್ತಾಂಶದ ಕಡತ ಕೆಟ್ಟರೆ ಇಡೀ ವರ್ಷದ ಲೆಕ್ಕವೇ ತೆರೆಯದಿರಬಹುದು.

ಇಂತಹ ದೋಷ ಕೂಡುವ-ಕಳೆಯುವ ತಪ್ಪಲ್ಲ. ವೋಚರ್ ಬರೆಯುತ್ತಿರುವಾಗಲೇ ವಿದ್ಯುತ್ ಹೋಗುವುದು, ಹಾರ್ಡ್ ಡಿಸ್ಕ್ ಸವೆಯುವುದು, ಹಲವು ಗಣಕಗಳ ನಡುವಣ ಸಂಪರ್ಕ ಕಡಿಯುವುದು, ವೈರಸ್ ನಿರೋಧಕವು ಕಡತವನ್ನು ತಡೆಹಿಡಿಯುವುದು ಸಾಮಾನ್ಯ ಕಾರಣಗಳು.

ಅವಸರದಲ್ಲಿ ಬಹುತೇಕರು ಮಾಡುವ ತಪ್ಪೆಂದರೆ ಇರುವ ಒಂದೇ ಪ್ರತಿಯ ಮೇಲೆ 'ರಿಪೇರಿ' ಆದೇಶ ನೀಡುವುದು. ಓದಲಾಗದ ನಮೂದುಗಳು ಈ ಹಂತದಲ್ಲಿ ಶಾಶ್ವತವಾಗಿ ಕಳೆದುಹೋಗುವ ಅಪಾಯವಿದೆ. ಮೊದಲು ಎಲ್ಲ ಗಣಕಗಳಲ್ಲೂ ತಂತ್ರಾಂಶ ಮುಚ್ಚಿ, ದತ್ತಾಂಶದ ಇಡೀ ಫೋಲ್ಡರ್ ಅನ್ನು ಬೇರೆಡೆಗೆ ನಕಲು ಮಾಡಬೇಕು. ಆ ನಕಲನ್ನು ಅದೇ ಆವೃತ್ತಿಯ ತಂತ್ರಾಂಶವಿರುವ ಮತ್ತೊಂದು ಗಣಕದಲ್ಲಿ ತೆರೆಯಬೇಕು. ತೆರೆದರೆ ದೋಷ ಯಂತ್ರದ್ದೋ ತಂತ್ರಾಂಶದ ಅಳವಡಿಕೆಯದ್ದೋ ಆಗಿರುವ ಸಾಧ್ಯತೆ ಹೆಚ್ಚು. ತೆರೆಯದಿದ್ದರೆ ದತ್ತಾಂಶವನ್ನೇ ಶಂಕಿಸಬೇಕು. ರಿಪೇರಿ ನಡೆಯಬೇಕಾದದ್ದು ನಕಲಿನ ಮೇಲೆ. ಅನಂತರ ಕೊನೆಯ ವೋಚರ್ ಸಂಖ್ಯೆ ಹಾಗೂ ತಾಳೆಪಟ್ಟಿಯನ್ನು ಹಿಂದೆ ಮುದ್ರಿಸಿಟ್ಟ ಪ್ರತಿಯೊಂದಿಗೆ ಹೋಲಿಸುವುದು ಅನಿವಾರ್ಯ.

ನಮೂದುಗಳು ಕಳೆದಿದ್ದರೂ ಎಲ್ಲವೂ ಮುಗಿಯಿತೆಂದಲ್ಲ. ಈಗಾಗಲೇ ಸಲ್ಲಿಸಿದ ಜಿಎಸ್‌ಟಿಆರ್-1ರಲ್ಲಿ ಮಾರಾಟದ ವಿವರ, ಜಿಎಸ್‌ಟಿಆರ್-2ಬಿಯಲ್ಲಿ ಸರಬರಾಜುದಾರರು ತೋರಿಸಿದ ಖರೀದಿ, ಬ್ಯಾಂಕ್ ಪಟ್ಟಿಯಲ್ಲಿ ಹಣದ ಚಲನೆ ದೊರೆಯುತ್ತದೆ. ಆದರೆ ನಗದು ವಹಿವಾಟು, ದಾಸ್ತಾನು ಮತ್ತು ಉದ್ರಿ ಬಾಕಿಗೆ ಇಂತಹ ಆಸರೆಯಿಲ್ಲ. ಸಣ್ಣ ಅಂಗಡಿಯ ನಿಜವಾದ ನಷ್ಟ ಇರುವುದು ಇಲ್ಲಿಯೇ.

ಕಾನೂನಿನ ನಿಲುವು ಸ್ಪಷ್ಟ. ಜಿಎಸ್‌ಟಿ ನಿಯಮ 57ರಂತೆ ವಿದ್ಯುನ್ಮಾನ ದಾಖಲೆಗಳ ಬ್ಯಾಕಪ್ ಇಡುವುದು ವ್ಯಾಪಾರಿಯದೇ ಹೊಣೆ. ವಾರ್ಷಿಕ ವಿವರ ಸಲ್ಲಿಕೆಯ ಗಡುವಿನಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಯ್ದಿಡಬೇಕು. ಕಂಪೆನಿಗಳ ತಂತ್ರಾಂಶ 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯ ಜಾಡನ್ನೂ ಉಳಿಸಬೇಕಾಗಿದೆ. ಹೀಗಾಗಿ ಕಳೆದುಹೋದ ವೋಚರ್‌ಗಳನ್ನು ಮರುನಮೂದಿಸುವವರು ಅದರ ಕಾರಣವನ್ನೂ ಬರೆದಿಡುವುದು ಒಳಿತು.

ಹೊಣೆಯೆಲ್ಲ ಬಳಕೆದಾರನದೇ ಆದಾಗ, ಸಂಕೇತ ಸಂಖ್ಯೆಯೊಂದನ್ನು ತೋರಿಸಿ ಸುಮ್ಮನಾಗುವ ತಂತ್ರಾಂಶ ಸಾಲದು. ಏನು ಕೆಟ್ಟಿದೆ, ಮೊದಲು ಏನು ಮಾಡಬೇಕು ಎಂಬುದನ್ನು ತಿಳಿಯುವ ಭಾಷೆಯಲ್ಲಿ ಹೇಳುವಂತೆ ವ್ಯಾಪಾರಿ ಸಂಘಗಳು ಒತ್ತಾಯಿಸಬೇಕಿದೆ. ಅಲ್ಲಿಯವರೆಗೆ ದಿನಕ್ಕೊಂದು ಬ್ಯಾಕಪ್, ಅದರ ಒಂದು ಪ್ರತಿ ಅಂಗಡಿಯ ಹೊರಗೆ, ತಿಂಗಳಿಗೊಮ್ಮೆ ಅದನ್ನು ತೆರೆದು ನೋಡುವ ರೂಢಿ: ಇವಿಷ್ಟೇ ವ್ಯಾಪಾರಿಯ ಕೈಯಲ್ಲಿರುವ ರಕ್ಷಣೆ.